ಹಗ್ಗದ ಬಿಡು, ಮಾತಿನ ಬಿಡು

ಅವನನ್ನು ಊರೆಲ್ಲ ಉಡ ಎಂದೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರೂ ಒಂದಿತ್ತು; ಅದು ಅವನ ಮದುವೆಯ ಕರೆಯೋಲೆಯಲ್ಲಿ ಒಮ್ಮೆ ಅಚ್ಚಾಗಿ, ಅಲ್ಲಿಂದಾಚೆಗೆ ನಿವೃತ್ತಿ ಹೊಂದಿತ್ತು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಲಾರಿಯಲ್ಲಿ ಅವನದು ಹಗ್ಗದ ಕೆಲಸ. ಮೆಟ್ಟಿಲ ತಿರುವಿನಲ್ಲಿ ಹಿಡಿಸದ ಬೀರು, ಮಂಚ, ಸೋಫಾಗಳನ್ನು ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಬೇಕು. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ಹಿಮ್ಮಡಿ ಊರಿ, ಹಲ್ಲು ಕಚ್ಚಿ ಅವನು ನಿಂತನೆಂದರೆ ಆನೆಯನ್ನೇ ಕಟ್ಟಿ ತೂಗಾಡಿಸಬಹುದು ಎಂದು ಲಾರಿಯ ಯಜಮಾನ ಗಿರಾಕಿಗಳಿಗೆ ಹೇಳುತ್ತಿದ್ದ. ಆನೆ ಸಾಕಿಕೊಂಡ ಗಿರಾಕಿ ಯಾರೂ ಸಿಕ್ಕದ್ದರಿಂದ ಆ ಮಾತಿಗೆ ಎದುರಾಡಿದವರಿರಲಿಲ್ಲ.

ಇಂಥ ಉಡ ಒಂದು ಬೆಳಿಗ್ಗೆ ಹಗ್ಗ ಬಿಟ್ಟ. ಕೆಳಗೆ ನಿಂತಿದ್ದವನು ಅವನ ಸ್ವಂತ ಅಕ್ಕನ ಗಂಡ.

ಭಾವ ಅದೇ ಲಾರಿಯ ಚಾಲಕ. ಲಾರಿ ನಿಂತ ಮೇಲೆ ಕೆಳಗಿನಿಂದ ಸಾಮಾನು ಬರಮಾಡಿಕೊಳ್ಳುವುದೂ ಅವನೇ. ಮೇಲೆ ಉಡ, ಕೆಳಗೆ ಭಾವ, ನಡುವೆ ಹಗ್ಗ. ಆ ಹಗ್ಗದ ಮೇಲೆ ಮೂರೇ ಮಾತು ಓಡಾಡಬೇಕೆಂಬುದು ಯಜಮಾನನ ಕಟ್ಟಪ್ಪಣೆ: ಹಿಡಿ, ನಿಲ್ಸು, ಬಿಡು. ಭಾವ ಕೆಳಗಿನಿಂದ ‘ಬಿಡು’ ಎಂದರೆ ಉಡ ಮೇಲಿನಿಂದ ‘ಬಿಡ್ತೀನಿ’ ಎಂದು ಕೂಗಬೇಕು. ಭಾವ ‘ಹ್ಞೂಂ’ ಎಂದ ಮೇಲಷ್ಟೇ ಹಗ್ಗ ಸಡಿಲಬೇಕು. ನೇತಾಡುವ ಹೊರೆಯ ಕೆಳಗೆ ಯಾರೂ ಕಾಲಿಡಬಾರದು. ಕೇಳಲು ಸುಲಭ. ಆದರೆ ಇಬ್ಬರು ಸಂಬಂಧಿಕರನ್ನು ಹಗ್ಗದ ಎರಡು ತುದಿಗೆ ನಿಲ್ಲಿಸಿ ಬರೀ ಮೂರು ಮಾತಾಡಿ ಎಂದರೆ ಅದು ಆಗುವ ಹೋಗುವ ಸಂಗತಿಯೆ?

ಆ ಬೆಳಿಗ್ಗೆ ಮಾತು ಹೊರಳಿದ್ದು ಕುರ್ಚಿಯ ಕಡೆಗೆ. ಬಹಳ ವರ್ಷದ ಹಿಂದೆ ಉಡ ಲಾರಿ ಓಡಿಸುವ ಲೈಸೆನ್ಸಿಗೆ ಪರೀಕ್ಷೆಗೆ ಹೋಗಿ, ಹಿಂದಕ್ಕೆ ತೆಗೆಯುವಾಗ ಪರೀಕ್ಷಕರ ಕುರ್ಚಿಯ ಮೇಲೆ ಲಾರಿ ಹತ್ತಿಸಿದ್ದ. ಪುಣ್ಯಕ್ಕೆ ಪರೀಕ್ಷಕರು ಚಹಾ ಕುಡಿಯಲು ಎದ್ದು ಹೋಗಿದ್ದರು. ಭಾವನಿಗೆ ಈ ಕತೆ ಎಂದರೆ ಪ್ರಾಣ. ಎಲ್ಲ ಹೊಸ ಗಿರಾಕಿಗಳಿಗೂ ಅದನ್ನು ಬಡಿಸುವನು. ಅಂದು ಮನೆಯ ಹೆಂಗಸರು ಮಕ್ಕಳು ಅಂಗಳದಲ್ಲಿ ನಿಂತು ಬಿದ್ದು ಬಿದ್ದು ನಗುತ್ತಿದ್ದರೆ, ಮೇಲೆ ಬೀರುವಿನ ಭಾರ ಹೊತ್ತ ವೀರನಿಗೆ ಮೈಯೆಲ್ಲ ಉರಿಯಿತು.

“ಆ ಕುರ್ಚಿ ಅಲ್ಲಿ ಇರಲೇಬಾರದಿತ್ತು!” ಎಂದು ಬಾಲ್ಕನಿಯಿಂದ ಗುಡುಗಿದ.

“ಹೌದಪ್ಪ, ಕುರ್ಚಿಯೇ ಬಂದು ಚಕ್ರದ ಕೆಳಗೆ ಮಲಗಿತ್ತು,” ಎಂದ ಭಾವ.

“ಗೆರೆಯಿಂದ ಆಚೆ ಇತ್ತು ಭಾವ! ನಾನು ಹೇಳ್ತಿರೋದು ಕೇಳಿ!”

ಬೀರು ಆಗ ನೆಲದಿಂದ ಎದೆಮಟ್ಟದಲ್ಲಿ ನೇತಾಡುತ್ತಿತ್ತು. ಭಾವ ಅದನ್ನು ತಿರುಗಿಸಲು ಕೈಯೊಡ್ಡಿ ಅದರಡಿಗೇ ಕಾಲಿಟ್ಟಿದ್ದ. ಅಂಗಳದ ಕಡೆಗೊಮ್ಮೆ ಕಣ್ಣು ಹೊಡೆದು, “ಆಯ್ತು, ಬಿಡು,” ಎಂದ.

ಈ ಒಂದು ಮಾತಿನಿಂದಲೇ ನಮ್ಮ ಜನ ಅರ್ಧ ಸಂಸಾರ ನಡೆಸುತ್ತಾರೆ. ಜಗಳ ಮುಗಿಸಲು ಬಿಡು, ಸಮಾಧಾನ ಹೇಳಲು ಬಿಡು, ಎದುರಿಗಿದ್ದವನ ಮಾತು ನಂಬಲಿಲ್ಲವೆಂದು ತಿಳಿಸಲೂ ಬಿಡು. ಭಾವ ಹೇಳಿದ್ದು ಮಾತಿನ ಬಿಡು. ಹಗ್ಗ ಕೇಳಿಸಿಕೊಂಡದ್ದು ಹಗ್ಗದ ಬಿಡು. ಬೀರು ಧೊಪ್ಪನೆ ಕೂತು, ಒಂದು ಕ್ಷಣ ಯೋಚಿಸಿದಂತೆ ಮಾಡಿ, ಭಾವನ ಮೇಲೆ ಒರಗಿತು. ತೊಡೆಯ ಮೂಳೆ ಮುರಿದ ಸದ್ದು ಬಾಲ್ಕನಿಯವರೆಗೂ ಬಂತು.

ಊರಿಗೆ ತಿಳಿದದ್ದು ಇಷ್ಟೇ: ಹಗ್ಗ ಜಾರಿತು, ಉಡ ಪ್ರಾಣ ಹೋದರೂ ಸರಿಯೆಂದು ಹಿಡಿದ, ಅವನ ಅಂಗೈ ಸುಲಿದುಹೋಯಿತು. ಅಂಗೈ ಸುಲಿದದ್ದು ನಿಜವೇ. ಅದನ್ನು ನೋಡಿದವರೆಲ್ಲ ಕಣ್ಣೀರಿಟ್ಟರು. ಯಜಮಾನ ಬೆನ್ನು ತಟ್ಟಿದ. ಆಸ್ಪತ್ರೆಯ ನರ್ಸು, “ಇಂಥ ಭಾವಮೈದುನ ಎಲ್ಲರಿಗೂ ಸಿಗಲ್ಲ ನೋಡಿ,” ಎಂದು ಭಾವನಿಗೇ ಹೇಳಿದಳು. ಅಕ್ಕ ಗಂಡನ ಮಂಚದ ಪಕ್ಕದಲ್ಲೇ ಕೂತು ತಮ್ಮನ ಅಂಗೈಗೆ ಮುಲಾಮು ಸವರಿದಳು. ಒಂದೊಂದು ಸಲ ಸವರಿದಾಗಲೂ ಉಡ “ಅಯ್ಯೋ” ಎನ್ನುತ್ತಿದ್ದ. ಉರಿ ಅಂಗೈಯದೆಂದು ಅವಳು ತಿಳಿದಳು.

ಅವನೊಬ್ಬನಿಗೇ ಗೊತ್ತಿದ್ದ ಸಂಗತಿ ಬೇರೆ. ಅದು ಮಾತಿನ ಬಿಡು ಎಂದು ಅವನಿಗೆ ಆಗಲೇ ತಿಳಿದಿತ್ತು. ಆ ‘ಆಯ್ತು’ ಎಂಬುದರ ಎಳೆತ, ಆ ಕಣ್ಣು ಹೊಡೆದದ್ದು ಎಲ್ಲವೂ ಮೇಲಿನಿಂದ ನಿಚ್ಚಳವಾಗಿ ಕಂಡಿತ್ತು. ಬಿಡು ತಾನೆ? ತಗೋ, ಬಿಟ್ಟೆ, ಎಂದು ಒಂದೇ ಒಂದು ಗೇಣು ಹಗ್ಗ ಸಡಿಲಿಸಿದ್ದ. ಭಾವ ಬೆಚ್ಚಿ ಹಾರಲಿ, ಅಂಗಳದವರು ಈಗ ಅವನನ್ನು ನೋಡಿ ನಗಲಿ, ಅಷ್ಟೇ ಆಸೆ. ಕಂಬದ ಸುತ್ತಿನಿಂದ ಒಮ್ಮೆ ಹೊರಟ ಹಗ್ಗ ಗೇಣಿಗೆ ನಿಲ್ಲಲಿಲ್ಲ. ಆಮೇಲೆ ಹಿಡಿದದ್ದು, ಚರ್ಮ ಸುಲಿದದ್ದು, ಎಲ್ಲ ಆಮೇಲಿನ ಪುರಾಣ.

ಭಾವನ ಕಾಲನ್ನು ಆಸ್ಪತ್ರೆಯಲ್ಲಿ ಮೇಲಕ್ಕೆತ್ತಿ, ಹಗ್ಗ ಕಟ್ಟಿ, ರಾಟೆಯ ಮೇಲಿಂದ ಹಾಯಿಸಿ, ತುದಿಗೆ ತೂಕ ತೂಗಿಬಿಟ್ಟಿದ್ದರು. ಆ ವಾರ್ಡಿಗೆ ಕಾಲಿಟ್ಟಾಗಲೆಲ್ಲ ಉಡನಿಗೆ ಎಲ್ಲ ಬಿಟ್ಟು ಆ ರಾಟೆಯೇ ಕಾಣುವುದು. ಅದಕ್ಕೆ ಬೆನ್ನು ಹಾಕಿ ಕೂತರೆ ಭಾವನಿಗೆ ಬೆನ್ನು ಹಾಕಿದಂತಾಗುವುದು. ಕಡೆಗೆ ತಲೆ ತಗ್ಗಿಸಿ ನೆಲ ನೋಡುತ್ತ ಕೂರುವುದನ್ನು ರೂಢಿ ಮಾಡಿಕೊಂಡ. “ಪಾಪ, ಭಾವ ಅಂದ್ರೆ ಎಷ್ಟು ಸಂಕಟ ನೋಡು,” ಎಂದು ಅಕ್ಕಪಕ್ಕದ ಮಂಚದವರು ಮರುಗಿದರು.

“ಲೋ,” ಎಂದಳು ಅಕ್ಕ ಒಂದು ದಿನ, “ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ಯಾ? ಇನ್ನು ಇವರು ಲಾರಿ ಓಡಿಸೋದು ಯಾವ ಕಾಲಕ್ಕೋ. ಕೈ ಕಟ್ಟಿ ಕೂತ್ರೆ ಮಕ್ಕಳ ಹೊಟ್ಟೆಗೆ ಏನು ಹಾಕ್ಲಿ? ಯಾರಾದ್ರೂ ಒಳ್ಳೆ ವಕೀಲರನ್ನ ನೋಡು. ನಮಗೆ ನ್ಯಾಯ ಆಗ್ಬೇಕು.”

“ನಾನಾ?”

“ಮತ್ತೆ? ಅಲ್ಲಿ ಇದ್ದೋನು ನೀನು. ನಡೆದದ್ದು ಕಣ್ಣಾರೆ ನೋಡಿದ್ದೋನು ನೀನು. ಏನಾಯ್ತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಉಡ ನಾಲಿಗೆ ಕಚ್ಚಿಕೊಂಡ. ನ್ಯಾಯ ಹುಡುಕಲು ಅಕ್ಕ ಇಡೀ ಊರಿನಲ್ಲಿ ಸರಿಯಾದ ಆಳನ್ನೇ ಆರಿಸಿದ್ದಳು.

ಹೀಗೆ ನ್ಯಾಯದ ದಂಡಯಾತ್ರೆ ಹೊರಟಿತು. ವಾರ್ಡು ದಾಟುವ ಮೊದಲೇ ಸಲಹೆಗಳ ಮಳೆ. ಮೂಳೆ ಮುರಿದವರಲ್ಲಿ ಕಾನೂನು ತಿಳಿಯದವರು ಒಬ್ಬರೂ ಇರಲಿಲ್ಲ. ಹೆಗಲು ಕಟ್ಟಿಸಿಕೊಂಡ ಒಬ್ಬ ಮಹಾನುಭಾವ, ಬೀರು ತಯಾರಿಸಿದ ಕಂಪನಿಯ ಮೇಲೆ ಕೇಸು ಹಾಕಬೇಕೆಂದ. ಇನ್ನೊಬ್ಬ, ಮನೆಯವರು ನಕ್ಕಿದ್ದರಿಂದಲೇ ಹೀಗಾದದ್ದು, ಆದ್ದರಿಂದ ಅವರ ಮೇಲೆ ಎಂದ. ಮೂಲೆಯ ಮಂಚದಲ್ಲಿದ್ದ ಕ್ಷೌರದಂಗಡಿಯವನು ಭೂಮಿಯ ಮೇಲಿನ ಎಲ್ಲರ ಮೇಲೂ ಒಟ್ಟಿಗೆ ಹಾಕಿಬಿಡುವುದೇ ಕ್ಷೇಮ, ಸಂಬಂಧವಿಲ್ಲದವರು ತಾವೇ ಬಂದು ಹೆಸರು ತೆಗೆಸಿಕೊಳ್ಳುತ್ತಾರೆ ಎಂದ.

ಆಸ್ಪತ್ರೆಯ ಗೇಟಿನಲ್ಲಿ ಮಾತ್ರ ನಿಜವಾದ ಗುರು ಸಿಕ್ಕ. ಕರಿಕೋಟು ಇರಲಿಲ್ಲ; ಕರಿ ಚೀಲ ಇತ್ತು. “ನೀವು ವಕೀಲರಾ?” ಎಂದು ಉಡ ಕೇಳಿದರೆ, “ವಕೀಲರೆಲ್ಲ ನನ್ನ ಹತ್ರ ಬರ್ತಾರೆ,” ಎಂದ. ಬಂದದ್ದರಲ್ಲಿ ಅರ್ಧ ತನಗೆ ಎಂದೂ ಹೇಳಿದ. ಆಮೇಲೆ ಉಡನನ್ನು ಗೋಡೆಯ ಮರೆಗೆ ಕರೆದು, “ಹಗ್ಗ ಹಳೇದು, ಹರಿದೋಯ್ತು ಅನ್ನಿ. ತಪ್ಪು ಯಜಮಾನಂದು. ನಿಮ್ಮ ಭಾವನಿಗೂ ಸಿಗುತ್ತೆ, ನಿಮಗೂ ತೊಂದರೆಯಿಲ್ಲ. ಹಗ್ಗ ನಿಮ್ಮ ಹತ್ರಾನೇ ಇದೆಯಲ್ಲ?” ಎಂದು ಕಣ್ಣು ಮಿಟುಕಿಸಿದ.

ಉಡನಿಗೆ ಎದೆಯ ಮೇಲಿನ ಬೀರುವನ್ನು ಯಾರೋ ಎತ್ತಿದಂತಾಯಿತು. ಭಾವನಿಗೂ ಸಿಗುತ್ತೆ! ಎಲ್ಲ ಭಾವನಿಗೋಸ್ಕರ! ಮನೆಗೆ ಹೋದವನೇ ಲಾರಿಯಿಂದ ತಂದಿಟ್ಟ ಹಗ್ಗ ತೆಗೆದು ಹಿತ್ತಲಲ್ಲಿ ಕೂತ. ಅದು ಯಜಮಾನ ಅಂಗಡಿ ಅಂಗಡಿ ತಿರುಗಿ, ಎಳೆದು ನೋಡಿ, ಮೂಸಿ ನೋಡಿ ತಂದ ಹೊಸ ಹಗ್ಗ. ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದ, ಕಲ್ಲು ನುಣುಪಾಯಿತು. ಚಾಕು ತಂದ, ಚಾಕು ಮೊಂಡಾಯಿತು. ಬೆವರು ಸುರಿಸಿ, ಸುಲಿದ ಅಂಗೈ ಮತ್ತೆ ಕೆಂಪಾಗಿ, ಕಡೆಗೆ ತೆಂಗಿನಕಾಯಿ ತುರಿಯುವ ಮಣೆ ತಂದು ಹಗ್ಗದ ಮೇಲೆ ಯುದ್ಧ ಸಾರಿದ.

ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. “ಏನ್ರೀ ಅದು, ಹಗ್ಗಕ್ಕೆ ಕ್ಷೌರಾನಾ?”

“ಕೇಸಿಗೆ ಬೇಕು ಕಣೇ. ಭಾವನಿಗೋಸ್ಕರ.”

“ಭಾವನಿಗೋಸ್ಕರ ಮಾಡೋ ಕೆಲಸ ಆದ್ರೆ ಮುಖ ಯಾಕೆ ಕಳ್ಳನ ಹಾಗಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಣೆ ಕಿತ್ತುಕೊಂಡಳು. “ಕೇಸು ಅಂದ್ರೆ ವಕೀಲರ ಹತ್ರ ಹೋಗ್ಬೇಕು. ಓದಿ, ಪಾಸಾಗಿ, ಬೋರ್ಡು ಹಾಕಿರೋರ ಹತ್ರ. ಗೇಟಲ್ಲಿ ನಿಂತಿರೋರ ಹತ್ರ ಅಲ್ಲ. ನಾಳೆ ಹೋಗಿ. ಇಲ್ಲಾಂದ್ರೆ ನಾನೇ ಹೋಗ್ತೀನಿ, ಈ ಮಣೆ ಸಮೇತ.”

ವಕೀಲರಮ್ಮನ ಕಚೇರಿ ಕನ್ನಡಕದಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಬಲಕ್ಕೆ. ಒಂದು ಮೇಜು, ಎರಡು ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ ಛತ್ರಿ. ಗೇಟಿನ ಗುರುವಿನಿಂದ ಪಾಠ ಕಲಿತಿದ್ದ ಉಡ ನಿಂತೇ ಕೇಳಿದ: “ನೀವು ನಿಜವಾದ ವಕೀಲರೇ ತಾನೇ ಮೇಡಂ?”

ಆಕೆ ನಕ್ಕು ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. “ಎಲ್ಲರೂ ಹೀಗೆ ಮೊದಲೇ ಕೇಳಿದ್ರೆ ನನಗೆ ಅರ್ಧ ಕೆಲಸ ಕಮ್ಮಿಯಾಗ್ತಿತ್ತು. ಕೂತ್ಕೊಳ್ಳಿ. ಏನಾಯ್ತು?”

ಉಡ ಕಂಠಪಾಠ ಒಪ್ಪಿಸಿದ. ಹಗ್ಗ ಹಳೆಯದು, ಹರಿದುಹೋಯಿತು, ತಪ್ಪು ಯಜಮಾನನದು, ಇಗೋ ಸಾಕ್ಷಿ. ಚೀಲದಿಂದ ಹಗ್ಗ ತೆಗೆದು ಮೇಜಿನ ಮೇಲೆ ಸುರಿದ. ಆಕೆ ಅದನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು.

“ಇದು ಹರಿದಿಲ್ಲ.”

“ಹರಿಯೋದಕ್ಕೆ ಬಂದಿತ್ತು ಮೇಡಂ.”

“ಇದನ್ನ ಯಾರೋ ತುರಿದಿದಾರೆ. ಎಳೇಲಿ ಕಾಯಿ ಸಿಕ್ಕೊಂಡಿದೆ.”

ಉಡ ಚಾವಣಿ ನೋಡಿದ. ಚಾವಣಿ ಏನೂ ಹೇಳಲಿಲ್ಲ.

“ನಿಮ್ಮ ಯಜಮಾನರು ಕೆಲಸದವರಿಗೆ ವಿಮೆ ಮಾಡಿಸಿದಾರಾ?” ಎಂದು ಆಕೆ ಮೆತ್ತಗೆ ಕೇಳಿದರು.

“ಮಾಡಿಸಿದಾರೆ. ಅದನ್ನೇ ದಿನಾ ಹೇಳ್ಕೊಂಡು ತಿರುಗ್ತಾರೆ.”

“ಹಾಗಿದ್ರೆ ಕೇಳಿ. ಕೆಲಸ ಮಾಡ್ತಿರೋವಾಗ ಕೆಲಸಗಾರನಿಗೆ ಪೆಟ್ಟಾದ್ರೆ ಪರಿಹಾರ ಕೇಳೋದು ಅವನ ಹಕ್ಕು. ಅದಕ್ಕೆ ಹಗ್ಗ ಕೊಳೆತಿರಬೇಕು ಅಂತೇನಿಲ್ಲ. ಜೊತೆಗಿದ್ದೋನು ಕೈ ತಪ್ಪಿದ್ರೂ ಕೇಳಬಹುದು. ನಿಮ್ಮ ಭಾವನಿಗೆ ಈ ಸುಳ್ಳು ಬೇಕಾಗೇ ಇಲ್ಲ. ಸುಳ್ಳು ಸೇರಿಸಿದ್ರೆ ಇರೋ ಹಕ್ಕೂ ಮಣ್ಣುಪಾಲಾಗುತ್ತೆ.” ಸ್ವಲ್ಪ ತಡೆದು, “ಹಾಗಾದ್ರೆ ಈ ಹಗ್ಗ ತುರಿದದ್ದು ಯಾರಿಗೋಸ್ಕರ?” ಎಂದರು.

ಯಾರಿಗೋಸ್ಕರ! ಭಾವನಿಗೋಸ್ಕರ ಎಂಬ ಉತ್ತರ ಗಂಟಲವರೆಗೆ ಬಂದು, ಅಲ್ಲಿ ತನ್ನ ಮುಖ ತಾನೇ ನೋಡಿಕೊಂಡು, ನಾಚಿ ಹಿಂದಿರುಗಿತು. ಅದರ ಬದಲು ಬಂದದ್ದು ಉಳಿದದ್ದೆಲ್ಲ.

“ಬಿಡು ಅಂದ್ರು ಮೇಡಂ. ಆದ್ರೆ ಅದು ಹಗ್ಗದ ಬಿಡು ಅಲ್ಲ...”

ಆಕೆ ಥಟ್ಟನೆ ಕೈಯೆತ್ತಿದರು. “ನಿಲ್ಲಿಸಿ. ನಾನು ನಿಮ್ಮ ಭಾವನ ವಕೀಲೆ ಆಗೋಳು. ನಿಮಗೆ ವಿರುದ್ಧವಾಗೋ ಮಾತು ನನ್ನ ಹತ್ರ ಹೇಳಬೇಡಿ. ನಿಮಗೆ ಬೇರೆ ವಕೀಲರು ಬೇಕು.”

“...ಮಾತಿನ ಬಿಡು. ನನಗೆ ಗೊತ್ತಿತ್ತು.”

“ಅಯ್ಯಾ, ನಿಲ್ಲಿಸಿ ಅಂದೆ!”

“ಗೊತ್ತಿದ್ದೇ ಬಿಟ್ಟೆ. ಒಂದೇ ಗೇಣು. ಬೆಚ್ಚಿ ಬೀಳ್ಲಿ ಅಂತ. ಕುರ್ಚಿ ವಿಷಯಕ್ಕೆ ಎಲ್ಲರೂ ನಗ್ತಿದ್ರು...”

ಕಂಬದಿಂದ ಹೊರಟ ಹಗ್ಗದಂತೆಯೇ ಮಾತೂ ಗೇಣಿಗೆ ನಿಲ್ಲಲಿಲ್ಲ. ನರ್ಸು ಹೊಗಳಿದ್ದು, ಅಕ್ಕ ಮುಲಾಮು ಸವರಿದ್ದು, ರಾಟೆ, ತುರಿಮಣೆ ಎಲ್ಲ ಬಂತು. ವಕೀಲರಮ್ಮ ತಲೆಯ ಮೇಲೆ ಕೈ ಹೊತ್ತು ಕೂತು, ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟರು.

“ನೋಡಿ, ನೀವು ಇಲ್ಲಿಗೆ ಬಂದಿರೋದು ಅವರ ಪರವಾಗಿ. ಇದನ್ನ ಮುಚ್ಚಿಟ್ಟು ಅವರ ಕೆಲಸ ನಾನು ಹಿಡಿಯೋಕಾಗಲ್ಲ. ನೀವೇ ಹೇಳ್ತೀರೋ ನಾನು ಹೇಳ್ಲೋ, ಅದೊಂದೇ ಪ್ರಶ್ನೆ. ಅದಕ್ಕೆ ಮುಂಚೆ ನಿಮ್ಮ ಸ್ವಂತಕ್ಕೆ ಒಬ್ಬರನ್ನ ನೋಡಿ. ಬೇಕಂತ ಮಾಡಿದ್ದು ಅಂದ್ರೆ ನಿಮ್ಮ ಮೇಲೂ ಕೇಸು ಬರಬಹುದು. ಹಗ್ಗ ಮಾತ್ರ ಇವತ್ತೇ ಯಜಮಾನರಿಗೆ ಕೊಟ್ಟು, ಯಾರು ತುರಿದದ್ದು ಅಂತ ಹೇಳಿ.”

ಎದುರು ಬೀದಿಯಲ್ಲಿದ್ದ ಎರಡನೆಯ ವಕೀಲರು ಮುದುಕರು, ಗಂಭೀರ ಮನುಷ್ಯ. ಎಲ್ಲ ಕೇಳಿ, ಬಾಗಿಲು ಭದ್ರವಾಗಿ ಮುಚ್ಚಿ, ಪಿಸುಮಾತಿನಲ್ಲಿ, “ಮೊದಲನೇ ಸಲಹೆ: ಯಾರ ಹತ್ರಾನೂ ಏನೂ ಹೇಳಬೇಡಿ,” ಎಂದರು.

“ಹೇಳಿಯಾಯ್ತಲ್ಲ ಸಾರ್.”

“ಯಾರಿಗೆ?”

“ಭಾವನ ವಕೀಲರಿಗೆ.”

ಮುದುಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಷ್ಟು ವರ್ಷದ ವೃತ್ತಿಯಲ್ಲಿ ಇಂಥ ಕಕ್ಷಿದಾರನನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ. “ಹಾಗಾದ್ರೆ ಎರಡನೇ ಸಲಹೆ,” ಎಂದರು, “ಹೇಳೋದಾದ್ರೆ ಒಂದೇ ಥರ ಹೇಳಿ. ಬಣ್ಣ ಹಚ್ಚಬೇಡಿ, ಬಣ್ಣ ತೊಳೀಲೂ ಬೇಡಿ. ಕರೆದ್ರೆ ನಾನು ಜೊತೆಗೆ ಬರ್ತೀನಿ.”

ಯಜಮಾನ ಹಗ್ಗವನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು ನೋಡಿದ. ಬೀರುವಿನ ಕತೆ ಕೇಳಿ ನಿಟ್ಟುಸಿರುಬಿಟ್ಟ, ತುರಿದ ಕತೆ ಕೇಳಿ ಕೂಗಾಡಿದ. “ಕಾಲು ಹೆಂಗೋ ಕೂಡುತ್ತೆ ಕಣೋ! ಹಗ್ಗ ಕೂಡುತ್ತೇನೋ? ನನ್ನ ಮೇಲೆ ಹಾಕೋಕೆ ಹೊರಟಿದ್ಯಲ್ಲೋ, ಪಾಪಿ, ಆನೆ ತೂಗ್ತಾನೆ ಅಂತ ಹೇಳ್ಕೊಂಡು ಬಂದೆನಲ್ಲೋ ನಿನ್ನ!” ಮರುದಿನದಿಂದ ಉಡನಿಗೆ ಹಗ್ಗವಿಲ್ಲ; ಗಿರಾಕಿಗಳ ಅಡುಗೆಮನೆಯಲ್ಲಿ ಕೂತು ಗಾಜಿನ ಲೋಟಗಳಿಗೆ ಹಳೇ ಪತ್ರಿಕೆ ಸುತ್ತುವ ಕೆಲಸ. ಅವನು ಚಕಾರವೆತ್ತದೆ ಒಪ್ಪಿಕೊಂಡ.

ಉಳಿದದ್ದು ವಾರ್ಡು. ಯಜಮಾನನ ಮುಂದೆ ಹೇಳಿದ್ದು, ವಕೀಲರ ಮುಂದೆ ಹೇಳಿದ್ದು ಯಾವುದೂ ಇದಕ್ಕೆ ಸರಿಸಾಟಿಯಲ್ಲವೆಂದು ಬಾಗಿಲಿಗೆ ಬಂದಾಗಲೇ ಅವನಿಗೆ ತಿಳಿಯಿತು. ಕಾಲು ಹಿಂದಕ್ಕೆ ಹೋಗುತ್ತಿತ್ತು. ಅಕ್ಕ ಕಿತ್ತಳೆ ಸುಲಿಯುತ್ತ ಕೂತಿದ್ದಳು. “ಬಂದ ನೋಡಿ ನಿಮ್ಮ ಭಾವಮೈದುನ. ವಕೀಲರು ಸಿಕ್ಕಿದ್ರೇನೋ?” ಎಂದಳು.

“ಸಿಕ್ಕಿದ್ರು. ಅವರು ಕೇಸು ತಗೋತಾರೆ. ಆದ್ರೆ ಮೊದಲು ನಾನು ಒಂದು ಮಾತು ಹೇಳಬೇಕಂತೆ,” ಎಂದು, ಇದೇ ಮೊದಲ ಸಲ ರಾಟೆಯನ್ನೂ ಭಾವನನ್ನೂ ಒಟ್ಟಿಗೆ ನೋಡಿ, ಹೇಳಿದ. ಬಣ್ಣ ಹಚ್ಚಲಿಲ್ಲ, ತೊಳೆಯಲಿಲ್ಲ.

ಭಾವ ದಿಂಬಿನಿಂದ ಕತ್ತೆತ್ತಿ ಅವನನ್ನೇ ನೋಡಿದ. ಆಮೇಲೆ, “ಯಾವ ಬಿಡು ಅಂತ ಗೊತ್ತಿತ್ತಾ ನಿಂಗೆ?” ಎಂದ.

“ಗೊತ್ತಿತ್ತು ಭಾವ.”

“ನಾನು ಬೀರು ಕೆಳಗೆ ಇದ್ದೆ.”

“ನಿಮ್ಮ ಮುಖ ಕಾಣ್ತಿತ್ತು. ಕಾಲು ನೋಡ್ಲಿಲ್ಲ.”

“ಆ ಕುರ್ಚಿ ವಿಷಯಕ್ಕೆ?”

“ಆ ಕುರ್ಚಿ ವಿಷಯಕ್ಕೆ.”

ಭಾವನ ಮುಖ ಕೆಂಪಾಯಿತು, ಬಿಳಿಚಿತು. ಎದ್ದು ಹೊಡೆಯುವ ಹಾಗಿಲ್ಲ, ಮಗ್ಗುಲಾಗುವ ಹಾಗೂ ಇಲ್ಲ. ಕಾಲು ತೂಗುಹಾಕಿದ ಮನುಷ್ಯನಿಗೆ ಸಿಟ್ಟು ಮಾಡುವ ಸೌಕರ್ಯವೂ ಇರುವುದಿಲ್ಲ. ಕತ್ತನ್ನಷ್ಟೇ ಗೋಡೆಯ ಕಡೆ ತಿರುಗಿಸಿದ. ಅಕ್ಕ ಕಿತ್ತಳೆ ಪಕ್ಕಕ್ಕಿಟ್ಟು ತಮ್ಮನ ಮುಂದೆ ಕೈ ಚಾಚಿದಳು. “ಆ ಮುಲಾಮು ಕೊಡು ಇಲ್ಲಿ.” ಉಡ ಜೇಬಿನಿಂದ ತೆಗೆದು ಕೊಟ್ಟ. “ಇನ್ನು ಹೋಗು.” ಹೋದ. ಆಸ್ಪತ್ರೆಯ ಗೇಟಿನಲ್ಲಿ ಕರಿ ಚೀಲದವನು ಹಲ್ಲು ಕಿರಿದು ಎದುರಾದರೆ, ಉಡ ಅವನನ್ನು ನೋಡಿದ ರೀತಿಗೆ ಆತ ರಸ್ತೆ ದಾಟಿ ಆ ಬದಿಗೆ ಹೋದ.

ವಕೀಲರಮ್ಮ ವಾರ್ಡಿಗೇ ಬಂದರು. ಭಾವ ಅವರ ಮುಂದೆ ನಡೆದದ್ದೆಲ್ಲ ಹೇಳಿದನಂತೆ, ಹೊರೆಯ ಕೆಳಗೆ ಕಾಲಿಡಬಾರದೆಂಬ ಕಟ್ಟಪ್ಪಣೆಯನ್ನು ತಾನೂ ಮುರಿದಿದ್ದೆ ಎಂಬುದನ್ನೂ ಬಿಡದೆ. “ನಿಮ್ಮ ಭಾವಮೈದುನನ ಮೇಲೆ ಬೇರೆ ದೂರು ಕೊಡೋ ಹಕ್ಕೂ ನಿಮಗಿದೆ. ಕೊಡ್ತೀರಾ?” ಎಂದು ಅವರು ಕೇಳಿದರಂತೆ. “ಯೋಚನೆ ಮಾಡ್ತೀನಿ,” ಎಂದನಂತೆ ಭಾವ. ಇದನ್ನು ಅಕ್ಕ ಉಡನ ಹೆಂಡತಿಗೆ, ಹೆಂಡತಿ ಉಡನಿಗೆ ತಲುಪಿಸಿದಳು. ಅದನ್ನು ಕೇಳಿದಂದಿನಿಂದ ಉಡನಿಗೆ ಊಟ ಸೇರಲಿಲ್ಲ. ಒಂದು ಮನೆಯಲ್ಲಿ ಲೋಟಕ್ಕೆ ಸುತ್ತುವ ಪತ್ರಿಕೆಯನ್ನು ತನ್ನ ಕೈಗೇ ಸುತ್ತಿಕೊಂಡು ಕೂತದ್ದೂ ಉಂಟು.

ಭಾವ ಊರುಗೋಲು ಹಿಡಿದು ಮನೆಗೆ ಬಂದ ಮೇಲೆ, ವಿಮೆಯವರ ಮುಂದೆ ಹೇಳಿಕೆ ಕೊಡುವ ದಿನ ಬಂತು. ಜಾಗ ವಕೀಲರಮ್ಮನ ಕಚೇರಿ. ಮೆಟ್ಟಿಲೋ, ಕಡಿದು. ಭಾವ ಕೆಳಗೆ ನಿಂತು ಮೇಲೆ ನೋಡಿದ, ಊರುಗೋಲು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಅಕ್ಕ ತಮ್ಮನನ್ನು ನೋಡಿದಳು. ತಮ್ಮ ಎರಡು ಮಾತಿಲ್ಲದೆ ಬೆನ್ನು ಬಗ್ಗಿಸಿದ.

“ಇವನೇ ಬೇಕಾ?” ಎಂದ ಭಾವ, ಅಕ್ಕನಿಗೆ. ವಾರ್ಡಿನ ಆ ದಿನದಿಂದ ಅವನು ಉಡನೊಡನೆ ನೇರವಾಗಿ ಮಾತಾಡಿರಲಿಲ್ಲ.

“ಇನ್ಯಾರಿದಾರೆ? ನಾನು ಹೊರ್ಲಾ?”

ಅರ್ಧ ಹತ್ತಿದಾಗ, “ಆ ಮನುಷ್ಯನಿಗೆ ಹೇಳು, ಕಾಲು ಗೋಡೆಗೆ ತಾಗ್ತಿದೆ ಅಂತ,” ಎಂದು ಬೆನ್ನ ಮೇಲಿನಿಂದ ದನಿ ಬಂತು. ಹಿಂದಿನಿಂದ ಊರುಗೋಲು ಹಿಡಿದು ಬರುತ್ತಿದ್ದ ಅಕ್ಕ, “ಲೋ, ತಾಗ್ತಿದೆಯಂತೆ,” ಎಂದು ದಾಟಿಸಿದಳು. ಉಡ ಬಲಕ್ಕೆ ಸರಿದ.

ಒಳಗೆ ವಿಮೆಯ ಅಧಿಕಾರಿ ಕೇಳಿದ್ದಕ್ಕೆಲ್ಲ ಭಾವ ಉತ್ತರಿಸಿದ. ಉಡನೂ ತನ್ನ ಮುದುಕ ವಕೀಲರ ಪಕ್ಕದಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಎಲ್ಲವನ್ನೂ ಮತ್ತೊಮ್ಮೆ ಅದೇ ಥರ ಹೇಳಿದ. ಕುರ್ಚಿಯ ಭಾಗ ಬಂದಾಗ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದರು. ಭಾವ ನಗಲಿಲ್ಲ. ವಿಮೆಯವರು ಪರಿಹಾರ ಕೊಡಲೇಬೇಕಾಗುತ್ತದೆ, ಆದರೆ ಇನ್ನೂ ಒಂದೆರಡು ಸಲ ಓಡಾಡಬೇಕು ಎಂದು ವಕೀಲರಮ್ಮ ಹೇಳಿದರು. ಬೇರೆ ದೂರಿನ ಮಾತನ್ನು ಅವರು ಎತ್ತಿದರೆ, ಭಾವ ಇನ್ನೂ ಯೋಚನೆ ಮುಗಿದಿಲ್ಲವೆಂದ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅಕ್ಕ ಬಾಡಿಗೆ ಕಾರು ಹಿಡಿಯಲು ಮುಂದೆ ಹೋದಳು. ಉಡ ಬೆನ್ನು ಒಡ್ಡಿದ. ಭಾವ ಅವನ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಹೆಗಲ ಮೇಲಿಂದ ಒಂದೊಂದು ಮೆಟ್ಟಿಲನ್ನೂ ಕಣ್ಣಗಲಿಸಿ ನೋಡುತ್ತ ಇಳಿದ. ಒಂದು ಸಲವೂ ರೆಪ್ಪೆ ಮುಚ್ಚಿದಂತೆ ಕಾಣಲಿಲ್ಲ. ತನ್ನನ್ನು ನಂಬಿ ಮುಚ್ಚಲಿ ಎಂದು ಆಸೆಪಡುವ ಧೈರ್ಯ ಉಡನಿಗೂ ಇರಲಿಲ್ಲ.

ಕೊನೆಯ ಮೆಟ್ಟಿಲ ಹತ್ತಿರ ಕಿವಿಯ ಪಕ್ಕದಲ್ಲಿ ದನಿ ಕೇಳಿತು: “ಮುಂದಿನ ವಾರಾನೂ ಬರಬೇಕಂತೆ.”

ಮಾತು ದಾಟಿಸಲು ಅಕ್ಕ ಅಲ್ಲಿರಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು ಬರುವ ಕಾರುಗಳಿಗೆಲ್ಲ ಕೈ ಬೀಸುತ್ತಿದ್ದಳು.